ಮಗು ನಿದ್ದೆಯಲ್ಲಿ ಬೋರಲು ಬೀಳುತ್ತದೆ, ರಾತ್ರಿಯಿಡೀ ತಿರುಗಿಸುತ್ತಾ ಕೂರಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಐದು ತಿಂಗಳ ಮಗ, ಹೋದ ವಾರ ಬೋರಲು ಬೀಳೋದು ಕಲಿತ, ಅವತ್ತಿನಿಂದ ರಾತ್ರಿ ಗಂಟೆಗೊಂದು ಸಲ ಬೋರಲು ಬಿದ್ದು ಅಳುತ್ತಾನೆ, ಅಂಗಾತ ಮಲಗಿಸಿದರೆ ಮತ್ತೆ ಬೋರಲು, ಅತ್ತೆ ನೋಡಿದರೆ ಎರಡೂ ಕಡೆ ದಿಂಬು ಒತ್ತಿ ಇಡು ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದಿದ್ದೂ ಇದೇ. ಅತ್ತೆ ಬದಲು ನನ್ನ ಅಮ್ಮ, ಅಷ್ಟೇ ವ್ಯತ್ಯಾಸ.

ನಾನು ಡಾಕ್ಟರ್ ಅಲ್ಲ, ಒಂದು ಹೆಣ್ಣು ಮಗುವಿನ ಅಪ್ಪ. ನಮ್ಮದು ತೀರ್ಥಹಳ್ಳಿ ಕಡೆ. ಹೆಂಡತಿ ಬಾಣಂತನ ಮುಗಿಸಿಕೊಂಡು ಐದನೇ ತಿಂಗಳಿಗೆ ಮಗಳನ್ನು ಕರೆದುಕೊಂಡು ಬಂದಳು. ಬಂದ ಮೂರನೇ ದಿನ ಜಗಲಿಯಲ್ಲಿ ಚಾಪೆ ಮೇಲೆ ಕೂಸು ಮಗುಚಿಕೊಂಡಿತು. ಅಮ್ಮ ಖುಷಿಗೆ ಅವತ್ತೇ ದೋಸೆ ಹೊಯ್ದಳು. ಕೂಸು ಮಗುಚಿದರೆ ದೋಸೆಯನ್ನೂ ಮಗುಚಬೇಕಂತೆ, ನಮ್ಮ ಮನೆಯ ಲೆಕ್ಕ ಅದು. ದೋಸೆ ತಿಂದು ಮಲಗಿದವರು ಆಮೇಲೆ ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮಲಗಿಸುವಾಗ ಪ್ರತಿ ಸಲ ಅಂಗಾತವೇ ಮಲಗಿಸಿ, ವರ್ಷ ತುಂಬುವವರೆಗೂ. ಮಗು ಅಂಗಾತದಿಂದ ಬೋರಲಿಗೂ, ಬೋರಲಿನಿಂದ ಅಂಗಾತಕ್ಕೂ, ಎರಡೂ ಕಡೆ ತಾನೇ ಸಲೀಸಾಗಿ ತಿರುಗುತ್ತಿದ್ದರೆ, ಆಮೇಲೆ ಅದು ಹೇಗೆ ತಿರುಗಿ ಮಲಗಿದರೂ ಬಿಟ್ಟುಬಿಡಿ. ಬೋರಲು ಬೀಳೋದು ಮಾತ್ರ ಬರುತ್ತೆ, ವಾಪಸ್ ಬರೋಕೆ ಗೊತ್ತಿಲ್ಲ ಅಂತಾದರೆ ಕಂಡಾಗ ಮೆಲ್ಲಗೆ ತಿರುಗಿಸಿ. ದಿಂಬು ಮಾತ್ರ ಬೇಡವೇ ಬೇಡ.

ದಿಂಬಿನ ಕಥೆ ಸ್ವಲ್ಪ ಉದ್ದ. ನಾವೂ ಇಟ್ಟಿದ್ದೆವು. ಒಂದು ಕಡೆ ಸಾಸಿವೆ ದಿಂಬು, ಇನ್ನೊಂದು ಕಡೆ ದೊಡ್ಡವರ ಹತ್ತಿ ದಿಂಬು, ಮಧ್ಯದಲ್ಲಿ ಕೂಸು. ಮೊದಲ ರಾತ್ರಿ ಕದಲಲಿಲ್ಲ, ಅಮ್ಮ ಗೆದ್ದಳು. ಎರಡನೇ ರಾತ್ರಿ ಜೋರು ಮಳೆ, ಕರೆಂಟ್ ಹೋಗಿತ್ತು. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಪಕ್ಕದಲ್ಲಿ ಮಾತಾಡಿದರೂ ಕೇಳುವ ಹಾಗಿರಲಿಲ್ಲ. ನನಗೆ ಯಾಕೋ ಎಚ್ಚರವಾಯಿತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಮಗಳು ಅರ್ಧ ತಿರುಗಿ ಹತ್ತಿ ದಿಂಬಿನ ಮಗ್ಗುಲಿಗೆ ಮುಖ ಒತ್ತಿಕೊಂಡಿದ್ದಾಳೆ. ಮುಂದಕ್ಕೆ ಹೋಗೋಕೆ ದಿಂಬು ಬಿಡುತ್ತಿಲ್ಲ, ಹಿಂದಕ್ಕೆ ಬರೋಕೆ ಅವಳಿಗೆ ಗೊತ್ತಿಲ್ಲ. ಎತ್ತಿಕೊಂಡಾಗ ಮೂಗಿನ ಮೇಲೆ ದಿಂಬಿನ ಹೊಲಿಗೆಯ ಗುರುತು ಇತ್ತು. ಏನೂ ಆಗಿರಲಿಲ್ಲ, ಎತ್ತಿದ ಕೂಡಲೇ ಕಿರುಚಿ ಅತ್ತಳು. ಆ ಅಳು ಕೇಳಿ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು.

ಅವರು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ನಿದ್ದೆಯಲ್ಲಿ ಕೂಸುಗಳು ಕಾರಣವೇ ಗೊತ್ತಾಗದೆ ತೀರಿಹೋಗುವುದು ಉಂಟು. ಬೋರಲು ಮಲಗಿಸಿದ ಮಕ್ಕಳಲ್ಲಿ ಅದು ಜಾಸ್ತಿ ಅಂತ ಗೊತ್ತಾದ ಮೇಲೆ 1990ರ ದಶಕದಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್, ಅಮೆರಿಕದಲ್ಲೆಲ್ಲ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ನಡೆಯಿತು. ಅಮೆರಿಕದ್ದು ಶುರುವಾಗಿದ್ದು 1994ರಲ್ಲಿ, ಮುಂದಿನ ವರ್ಷಗಳಲ್ಲಿ ಅಲ್ಲಿ ಇಂಥ ಸಾವು ಅರ್ಧಕ್ಕೆ ಇಳಿಯಿತು. ಇದನ್ನು ಹೆದರಿಸೋಕೆ ಬರೆಯುತ್ತಿಲ್ಲ. ಈ ಅಪಾಯ ಜಾಸ್ತಿ ಇರುವುದು 1ರಿಂದ 4 ತಿಂಗಳ ಒಳಗೆ, ನೂರಕ್ಕೆ ತೊಂಬತ್ತು ಪಾಲು 6 ತಿಂಗಳಿಗೆ ಮುಂಚೆ. ತಾನೇ ಎರಡೂ ಕಡೆ ತಿರುಗುವಷ್ಟು ಕತ್ತು, ಭುಜ ಗಟ್ಟಿಯಾದ ಮಗುವನ್ನು ರಾತ್ರಿಯಿಡೀ ಕಾದು ಕೂರಬೇಕಾಗಿಲ್ಲ, ಆದರೆ ಅದು ತಿರುಗುವ ಜಾಗ ಖಾಲಿ ಇರಬೇಕು. ನನ್ನ ತಲೆಯಲ್ಲಿ ಉಳಿದಿದ್ದು ಈ ಖಾಲಿ ಅನ್ನುವ ಮಾತು. ದಿಂಬು, ಕಂಬಳಿ, ಗೊಂಬೆ, ಮಡಚಿಟ್ಟ ಸೀರೆ, ಯಾವುದೂ ಇರಬಾರದು.

ಹಾಸಿಗೆ ಗಟ್ಟಿ ಇರಬೇಕು. ಹಳೇ ಹತ್ತಿ ಹಾಸಿಗೆ ಮಧ್ಯ ಗುಳಿ ಬಿದ್ದಿರುತ್ತದೆ, ಬೋರಲು ಬಿದ್ದ ಕೂಸಿನ ಮುಖ ಅದರಲ್ಲೇ ಹೂತುಹೋಗುತ್ತದೆ. ದೊಡ್ಡವರ ಮಂಚದ ಮೇಲಂತೂ ಒಂಟಿಯಾಗಿ ಬಿಡಲೇಬೇಡಿ. ನೆಲದ ಮೇಲೆ ಹಾಕೋಣ ಅಂದರೆ ನಮ್ಮ ಕಡೆ ಮಳೆಗಾಲದಲ್ಲಿ ನೆಲವೆಲ್ಲ ಥಂಡಿ, ಚೇಳಿನ ಭಯ ಬೇರೆ, ಅಮ್ಮ ಸುತಾರಾಂ ಒಪ್ಪಲಿಲ್ಲ. ಕೊನೆಗೆ ನಮ್ಮೂರ ಆಚಾರಿ ಹತ್ತಿರ ಹಲಸಿನ ಮರದಲ್ಲಿ ಸುತ್ತ ಪಟ್ಟಿ ಇರುವ ಸಣ್ಣ ಮಂಚ ಮಾಡಿಸಿದೆ. ಅವರು ಮೊದಲು ಕಿಟಕಿ ಸರಳಿನ ಹಾಗೆ ನಾಲ್ಕು ಇಂಚಿಗೆ ಒಂದು ಪಟ್ಟಿ ಹೊಡೆದಿದ್ದರು, ನಾನು ಬಿಚ್ಚಿಸಿದೆ. ಪಟ್ಟಿ ಪಟ್ಟಿ ಮಧ್ಯೆ 6 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು, ಇದ್ದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಅಂಚಿಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿಯೂ ಇರಬಾರದು. ಆ ಮಂಚವನ್ನು ನಮ್ಮ ಮಂಚದ ಪಕ್ಕದಲ್ಲೇ ಇಟ್ಟೆವು, ಕಡಿಮೆ ಅಂದರೂ 6 ತಿಂಗಳವರೆಗೆ ಒಂದೇ ಕೋಣೆಯಲ್ಲಿ ಇರಬೇಕು ಅಂದಿದ್ದರು. ಅಷ್ಟು ಖರ್ಚು ಬೇಡ ಅಂದರೆ, ನಿಮ್ಮ ಮನೆ ನೆಲ ಬೆಚ್ಚಗಿದ್ದರೆ, ಚಾಪೆ ಮೇಲೆ ತೆಳ್ಳಗಿನ ಗಟ್ಟಿ ಹಾಸಿಗೆ ಹಾಕಿ, ಗೋಡೆಯಿಂದ ದೂರ. ಸೋಫಾ ಮೇಲೆ ಮಗುವನ್ನು ಮಲಗಿಸಿಕೊಂಡು ನೀವೂ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ.

ಇನ್ನು ಬಟ್ಟೆ ಸುತ್ತುವ ವಿಷಯ. ಬಾಣಂತಿ ಕೋಣೆಯಲ್ಲಿ ಕೈಕಾಲು ಸೇರಿಸಿ ಸುತ್ತಿ ಮಲಗಿಸುತ್ತಿದ್ದರಲ್ವಾ, ಮಗು ತಿರುಗೋಕೆ ಹೊರಟ ದಿನವೇ ಅದನ್ನು ನಿಲ್ಲಿಸಿ. ಬೋರಲು ಬಿದ್ದಾಗ ಕೈ ಊರಿ ಮುಖ ಎತ್ತೋಕೆ ಆಗದೇ ಹೋದರೆ ಕಷ್ಟ. ಬಿಚ್ಚಿದ ಮೊದಲ ಮೂರ್ನಾಲ್ಕು ದಿನ ಕೈ ಬೀಸಿಕೊಂಡು ಬೆಚ್ಚಿ ಬಿದ್ದು ಏಳುತ್ತದೆ, ಅದನ್ನು ಅನುಭವಿಸಲೇಬೇಕು. ನಾವು ಟೈಲರ್ ಹತ್ತಿರ ಹಳೇ ಪಂಚೆಯಲ್ಲಿ ತೋಳಿಲ್ಲದ, ಕೆಳಗೆ ಚೀಲದ ಹಾಗೆ ಇರುವ ಅಂಗಿ ಹೊಲಿಸಿದೆವು. ಕಾಲು ಆಡುತ್ತದೆ, ಕೈ ಹೊರಗೆ, ಹೊದಿಕೆಯೇ ಬೇಡ.

ಕುಲಾವಿ ರಾತ್ರಿ ತೆಗೆಯಿರಿ. ಹೊರಳಿದರೆ ಜಾರಿ ಮುಖಕ್ಕೆ ಬರುತ್ತದೆ, ಜೊತೆಗೆ ಸೆಕೆ. ಮಲೆನಾಡಿನ ಚಳಿಗೆ ಹೆದರಿ ನಾವು ಕೂಸಿಗೆ ಮೂರು ಪದರ ಹಾಕಿ ಬೇಯಿಸುತ್ತಿದ್ದೆವು, ಅದಕ್ಕೂ ನಿದ್ದೆ ಕೆಡುತ್ತದೆ ಅಂತ ಗೊತ್ತೇ ಇರಲಿಲ್ಲ. ಕೈ ಮುಟ್ಟಿ ನೋಡಬೇಡಿ, ಅದು ಯಾವಾಗಲೂ ತಣ್ಣಗೇ. ಕತ್ತಿನ ಹಿಂಭಾಗ ಮುಟ್ಟಿ, ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಕತ್ತಿನ ಕರಿಮಣಿ, ದೃಷ್ಟಿ ದಾರ ಏನಿದ್ದರೂ ಮಲಗುವಾಗ ಬಿಚ್ಚಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಲೇಬೇಡಿ, ಅದರ ವಿಷಗಾಳಿಗೆ ದೊಡ್ಡವರೇ ಏಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮಗು ಎದ್ದು ಅಳೋದು ನಿಲ್ಲಲಿಲ್ಲ. ಹಾಸಿಗೆ ಸರಿಯಾದರೆ ಅಪಾಯ ಕಡಿಮೆಯಾಗುತ್ತದೆ, ನಿದ್ದೆ ಬರುವುದಿಲ್ಲ. ನಿದ್ದೆಗೆ ಮದ್ದು ಇರುವುದು ಹಗಲಿನಲ್ಲಿ. ಒಂದು ರಾತ್ರಿ ನಾನು ಲೆಕ್ಕ ಹಾಕಿ ಹನ್ನೊಂದು ಸಲ ತಿರುಗಿಸಿದ್ದೆ. ನಾಲ್ಕು ತಿಂಗಳ ಹೊತ್ತಿಗೆ ಮಕ್ಕಳ ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಗಾಢ, ಹಗುರ ಅಂತ ಸರದಿ ಹಿಡಿಯುತ್ತದೆ. ಹಗುರ ಇದ್ದಾಗ ಮೈ ಹೊರಳುತ್ತದೆ, ಬೋರಲಾಗುತ್ತದೆ, ವಾಪಸ್ ಬರೋಕೆ ದಾರಿ ಗೊತ್ತಿಲ್ಲದೆ ಅಳುತ್ತದೆ. ಆ ದಾರಿಯನ್ನು ನಾವು ಹಗಲು ಕಲಿಸಿಕೊಡಬೇಕು.

ನಾನು ಮಾಡಿದ್ದು ಹೀಗೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಎಚ್ಚರ ಇದ್ದಾಗ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ (ತಕ್ಷಣ ಮಲಗಿಸಿದರೆ ಕಕ್ಕಿಬಿಡುತ್ತದೆ), ಜಗಲಿಯಲ್ಲಿ ಚಾಪೆ ಹಾಸಿ ಬೋರಲು ಹಾಕುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದು ದಿನಕ್ಕೆ ಒಟ್ಟು 30 ನಿಮಿಷವಾದರೂ ಹೀಗೆ ಬೋರಲು ಬಿಡಿ ಅಂತ, ಒಂದೇ ಸಲ ಅಲ್ಲ, ಐದೈದು ನಿಮಿಷ. ಮೊದಲು ಅವಳು ಎಲ್ಲಿ ಸಿಕ್ಕಿಕೊಳ್ಳುತ್ತಾಳೆ ಅಂತ ನೋಡಿದೆ. ಬಲಗೈ ಎದೆ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅದನ್ನು ಎಳೆದುಕೊಳ್ಳೋಕೆ ಆಗದೆ ಕಾಲು ಬಡಿಯುತ್ತಿದ್ದಳು. ತಂದಿದ್ದ ಗಿಲಕಿಗಳನ್ನೆಲ್ಲ ಬಿಟ್ಟು ಅವಳಿಗೆ ಇಷ್ಟವಾಗಿದ್ದು ಕಾಫಿ ಕುಡಿಯುವ ಸ್ಟೀಲ್ ಲೋಟ. ಅದನ್ನು ಮುಖದ ಎದುರು ಹಿಡಿದು, ಮೆಲ್ಲಗೆ ಭುಜದ ಮೇಲಿಂದ ಹಿಂದಕ್ಕೆ ಒಯ್ದರೆ ಕಣ್ಣು ಹಿಂದೆ ಹೋಗುತ್ತದೆ, ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಭುಜ. ಆಗ ನೀವು ಸೊಂಟಕ್ಕೆ ಒಂದು ಕೈ ಕೊಟ್ಟು ಸ್ವಲ್ಪವೇ ತಿರುವಿ. ಸೊಂಟ ತಿರುಗಿತೋ, ಉಳಿದ ಮೈ ಅದರ ಹಿಂದೆಯೇ ಬರುತ್ತದೆ. ಪೂರ್ತಿ ನೀವೇ ಮಗುಚಬೇಡಿ, ದೋಸೆಯಲ್ಲ ಅದು. ಅರ್ಧ ದಾರಿ ತೋರಿಸಿ ಕೈ ಬಿಡಿ. ಎರಡೂ ಮಗ್ಗುಲಿಗೆ ಮಾಡಿಸಿ. ಒಂಬತ್ತನೇ ದಿನ ಲೋಟವಿಲ್ಲದೆ ತಾನೇ ಅಂಗಾತ ಬಂದಳು. ನಿಮ್ಮ ಮಗನಿಗೆ ಐದು ದಿನ ಸಾಕಾಗಬಹುದು, ಇಪ್ಪತ್ತು ದಿನವೂ ಬೇಕಾಗಬಹುದು.

ಅಲ್ಲಿಯವರೆಗೆ ರಾತ್ರಿ? ಸದ್ದಾದ ತಕ್ಷಣ ಎದ್ದು ಎತ್ತಬೇಡಿ. ನೋಡಿ, ಅಂಗಾತವೇ ಇದ್ದು ಬರೀ ಮುಲುಗುತ್ತಿದ್ದರೆ ಒಂದೆರಡು ನಿಮಿಷ ಕಾಯಿರಿ. ಎಷ್ಟೋ ಸಲ ಹಾಗೇ ನಿದ್ದೆಗೆ ಜಾರುತ್ತದೆ. ಬೋರಲು ಬಿದ್ದಿದ್ದರೆ ದೀಪ ಹಾಕದೆ, ಮಾತಾಡದೆ, ಸೊಂಟ ಹಿಡಿದು ತಿರುಗಿಸಿ ಎದೆ ಮೇಲೆ ಕೈ ಇಟ್ಟು ಸುಮ್ನೆ ಕೂತಿರಿ. ನಾನು ಮೊದಲೆಲ್ಲ ಎತ್ತಿಕೊಂಡು ಅಡುಗೆಮನೆಯಿಂದ ಜಗಲಿವರೆಗೆ ತಿರುಗಾಡಿಸುತ್ತಿದ್ದೆ, ಅವಳಿಗೆ ಅದು ಮಧ್ಯರಾತ್ರಿಯ ಜಾತ್ರೆಯಾಗಿಬಿಟ್ಟಿತ್ತು. ಹಗಲು ನಿದ್ದೆ ತಪ್ಪಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಅನ್ನೋದೂ ಸುಳ್ಳು, ದಣಿದ ಕೂಸು ಇನ್ನೂ ರಚ್ಚೆ ಹಿಡಿಯುತ್ತದೆ. 4 ತಿಂಗಳು ದಾಟಿದ ಮಕ್ಕಳಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಹೊಟ್ಟೆ ತುಂಬಲಿ ಅಂತ ಈಗಲೇ ರಾತ್ರಿ ರಾಗಿ ಮಣ್ಣಿ ಕೊಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, 6 ತಿಂಗಳವರೆಗೆ ಎದೆಹಾಲು ಸಾಕು.

ಬೋರಲು ಬೀಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರೆ, ಯಾವಾಗಲೂ ಒಂದೇ ಕೈಕಾಲು ಆಡಿಸುತ್ತಿದ್ದರೆ, ಉಸಿರಾಟದಲ್ಲಿ ಸದ್ದು, ಎಳೆತ ಇದ್ದರೆ ಇಲ್ಲಿ ಕೇಳುತ್ತಾ ಕೂರಬೇಡಿ, ತೋರಿಸಿಬಿಡಿ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಾದರೆ ಡಾಕ್ಟರ್ ಹೇಳಿದ್ದೇ ಕೊನೆ ಮಾತು, ನನ್ನದಲ್ಲ.

ಉಳಿದಿದ್ದು ನಿಮ್ಮ ಅತ್ತೆ. ನಮ್ಮ ಮನೆಯಲ್ಲಿ ತೊಲೆಗೆ ಕಟ್ಟುವ ಹಳೇ ತೊಟ್ಟಿಲು ಉಂಟು, ನನ್ನ ಅಪ್ಪ ಮಲಗಿದ್ದು, ನಾನು ಮಲಗಿದ್ದು. ಮಗುಚುವ ಕೂಸನ್ನು ರಾತ್ರಿ ಅದರಲ್ಲಿ ಬಿಡೋದು ಬೇಡ ಅಂದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ. ನೀನು ಇದರಲ್ಲೇ ಬೆಳೆದವನಲ್ಲವೇನೋ ಅಂತ ಒಂದೇ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾದ ಮಾಡಿ ಗೆಲ್ಲೋಕೆ ಆಗಲ್ಲ ಅಂತ ಗೊತ್ತಾಗಿ, ಮಗಳ ತೂಕ ನೋಡಿಸಲು ಶಿವಮೊಗ್ಗಕ್ಕೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ನಾನು ಹೇಳಿದ್ದನ್ನೇ ಡಾಕ್ಟರ್ ಹೇಳಿದರು. ಅಮ್ಮ ತಲೆಯಾಡಿಸುತ್ತಾ ಕೇಳಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬಳು ಬಾಣಂತಿ ಕೂಸು ಎತ್ತಿಕೊಂಡು ಕೂತಿದ್ದಳು. ಮಂಡಗದ್ದೆ ದಾಟುವ ಹೊತ್ತಿಗೆ ಅಮ್ಮ ಅವಳಿಗೆ, "ಮಗುಚುವ ಕೂಸಿಗೆ ದಿಂಬು ಇಡಬಾರದು ಮಾರಾಯ್ತಿ, ನಮ್ಮ ಹುಡುಗನಿಗೆ ಎಷ್ಟು ಹೇಳಿದರೂ ಗೊತ್ತಾಗೋದಿಲ್ಲ" ಅಂತ ಹೇಳುತ್ತಿದ್ದಳು.