ಸೀರೆ ಹೋಗ್ತಿದೆ, ದುಡ್ಡು ಎಲ್ಲಿ ಹೋಗ್ತಿದೆ?

ಪ್ರಶ್ನೆ: ಎಂಟು ತಿಂಗಳಿಂದ ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುತ್ತಿದ್ದೇನೆ. ತಿಂಗಳಿಗೆ ಸುಮಾರು 40 ಸೀರೆ ಕಳಿಸುತ್ತೇನೆ. 650ಕ್ಕೆ ತಂದು 900ಕ್ಕೆ ಕೊಡುತ್ತೇನೆ, ಕೊರಿಯರ್ ಫ್ರೀ. ಲೆಕ್ಕದ ಪ್ರಕಾರ ಹತ್ತು ಸಾವಿರ ಉಳಿಯಬೇಕು. ಕೈಯಲ್ಲಿ ಮಾತ್ರ ಏನೂ ನಿಲ್ಲುತ್ತಿಲ್ಲ. ‘ಇದೆಂಥ ವ್ಯಾಪಾರ’ ಎಂದು ಮನೆಯವರು ನಗುತ್ತಾರೆ. ಏಳೆಂಟು ಪಾರ್ಸಲ್ ವಾಪಸ್ ಬರುತ್ತವೆ ಬಿಡಿ, ಅದು ಎಲ್ಲರಿಗೂ ಇದ್ದದ್ದೇ ಅಲ್ವಾ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ‘ಬಿಡಿ’ ಅಂದಿರಲ್ಲ, ದುಡ್ಡು ಸೋರುತ್ತಿರುವುದು ಅಲ್ಲೇ.

ಒಮ್ಮೆ ಪೆನ್ನು ಹಿಡಿದು ಕೂರೋಣ. 40ರಲ್ಲಿ 8 ವಾಪಸ್ ಬಂದವು ಅಂದುಕೊಳ್ಳಿ. ಮಾರಿದ್ದು 32. ಸೀರೆಗೆ 250ರಂತೆ 8,000 ರೂಪಾಯಿ. ಕೊರಿಯರ್‌ಗೆ 80 ಎಂದು ಹಿಡಿದರೆ, ಹೋಗಿದ್ದು 40 ಪಾರ್ಸಲ್, ಖರ್ಚು 3,200. ವಾಪಸ್ ಬಂದ ಎಂಟಕ್ಕೆ ಇನ್ನೊಂದು 640. ಕವರ್, ಟೇಪು, ಸ್ಟಿಕರ್ ಅಂತ ತಲಾ 15 ರೂಪಾಯಿ, ಅಂದರೆ 600. ಉಳಿದಿದ್ದು 3,560. ಅದರ ಮೇಲೆ ಬೀರುವಿನಲ್ಲಿ ಎಂಟು ಸೀರೆ ಕೂತಿವೆ, ನಿಮ್ಮ 5,200 ರೂಪಾಯಿ ನುಂಗಿಕೊಂಡು. ಮುಂದಿನ ಸ್ಟಾಕ್ ತರಲು ಮತ್ತೆ ಕೈಯಿಂದ ಹಾಕುತ್ತೀರಿ. ಹಾಗಾಗಿಯೇ ಏನೂ ಉಳಿದಂತೆ ಕಾಣುವುದಿಲ್ಲ.

ಪಾರ್ಸಲ್ ಹೀಗೆ ತಿರುಗಿ ಬರುವುದಕ್ಕೆ ಕೊರಿಯರ್‌ನವರು ‘ಆರ್‌ಟಿಒ’ ಎನ್ನುತ್ತಾರೆ. ಶುರುವಿನಲ್ಲಿ ಆ ಮೆಸೇಜು ಬಂದಾಗ ನಾನು ಗಾಡಿಯ ದಂಡ ಇರಬೇಕು ಅಂದುಕೊಂಡಿದ್ದೆ. ಕಳಿಸಿದವರಿಗೇ ವಾಪಸ್ ಅಂತ ಅದರ ಅರ್ಥ. ದಂಡವಂತೂ ಹೌದು.

ವಾಪಸ್ ಬರುವುದರಲ್ಲಿ ಎರಡು ಜಾತಿ. ಒಂದು, ಬಾಗಿಲಲ್ಲೇ ಬೇಡ ಎಂದವರು. ಇವರಲ್ಲಿ ಹೆಚ್ಚಿನವರು ಕ್ಯಾಶ್ ಆನ್ ಡೆಲಿವರಿಯವರೇ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಆರ್ಡರ್ ಮಾಡಿರುತ್ತಾರೆ, ನಾಲ್ಕು ದಿನಕ್ಕೆ ಆಸೆ ಇಳಿದಿರುತ್ತದೆ. ಅವರಿಂದ 100 ರೂಪಾಯಿ ಮುಂಗಡ ತೆಗೆದುಕೊಳ್ಳಿ. ಕೆಲವರು ಆರ್ಡರನ್ನೇ ಬಿಡುತ್ತಾರೆ. ಬಿಡಲಿ, ಆ ಪಾರ್ಸಲ್ ಹೇಗೂ ತಿರುಗಿ ಬರುವುದೇ ಇತ್ತು. ಕಳಿಸುವ ಮುನ್ನ ಒಂದು ಫೋನ್ ಮಾಡಿ ವಿಳಾಸ, ಪಿನ್‌ಕೋಡ್ ಓದಿ ಹೇಳಿ.

ಎರಡನೆಯದು ‘ಫೋಟೊದಲ್ಲಿದ್ದ ಬಣ್ಣ ಇದಲ್ಲ’ ಎನ್ನುವವರು. ತಪ್ಪು ಬಹುಪಾಲು ನಮ್ಮದೇ. ಸಗಟು ಅಂಗಡಿಯವರು ಕಳಿಸಿದ ಫೋಟೊ ಐದು ಗುಂಪು ದಾಟಿ ನಿಮ್ಮ ಹತ್ತಿರ ಬಂದಿರುತ್ತದೆ. ಅಷ್ಟರಲ್ಲಿ ದಾಳಿಂಬೆ ಕೆಂಪು ಟೊಮೆಟೊ ಆಗಿರುತ್ತದೆ. ಒಂದು ಶ್ರಾವಣದಲ್ಲಿ ನಾನು ಹೀಗೆ 11 ಸೀರೆ ವಾಪಸ್ ತೆಗೆದುಕೊಂಡಿದ್ದೇನೆ. ಅಂದಿನಿಂದ ಕೈಗೆ ಬಂದ ಸೀರೆಯನ್ನೇ ಬೆಳಗ್ಗೆ ಕಿಟಕಿ ಪಕ್ಕ ಹರಡಿ ಫೋಟೊ ತೆಗೆಯುತ್ತೇನೆ. ಟ್ಯೂಬ್‌ಲೈಟ್ ಬೇಡ, ಫಿಲ್ಟರ್ ಬೇಡವೇ ಬೇಡ. ಸೆರಗು, ಅಂಚು, ಬ್ಲೌಸ್ ಪೀಸ್ ಮೂರೂ ಕಾಣಲಿ. ನೂಲೋ, ಪಾಲಿಸ್ಟರ್ ಬೆರಕೆಯೋ, ಬರೆದುಬಿಡಿ.

‘ನೋ ರಿಟರ್ನ್’ ಎಂದು ದಪ್ಪಕ್ಷರದಲ್ಲಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆನ್‌ಲೈನ್ ಮಾರಾಟಕ್ಕೆಂದೇ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳಿವೆ. ಮಾಲು ದೋಷದ್ದಾಗಿದ್ದರೆ, ಹೇಳಿದಂತೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಆದರೆ ಷರತ್ತು ಹಾಕಬಹುದು. ಪಾರ್ಸಲ್ ಬಿಚ್ಚುವ ವಿಡಿಯೊ ಕೇಳಿ. ಫಾಲ್ ಹೊಲಿಸಿದ, ಕುಚ್ಚು ಕಟ್ಟಿಸಿದ ಸೀರೆ ಮನಸ್ಸು ಬದಲಾಯಿತೆಂದು ವಾಪಸ್ ಇಲ್ಲ ಎಂದು ಮೊದಲೇ ತಿಳಿಸಿ. ಮದುವೆಗೆ ಉಟ್ಟು ಕಳಿಸುವವರೂ ಇದ್ದಾರೆ. ಅದಕ್ಕೇ ನಾನು ಉಟ್ಟರೆ ಎದ್ದು ಕಾಣುವ ಜಾಗದಲ್ಲಿ ಟ್ಯಾಗ್ ಹೊಲಿದಿರುತ್ತೇನೆ. ಟ್ಯಾಗ್ ಕಿತ್ತರೆ ವಾಪಸ್ ಇಲ್ಲ.

ಇನ್ನೊಂದು ಸಣ್ಣ ಸೋರಿಕೆ, ಡಬ್ಬಿ. ಬಹಳಷ್ಟು ಕೊರಿಯರ್‌ನವರು ತಕ್ಕಡಿ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 30, 25, 8ರ ಡಬ್ಬಿ ಆದರೆ 1.2 ಕೆಜಿ ಆಯಿತು, ಒಳಗಿನ ಸೀರೆ 600 ಗ್ರಾಂ ಇದ್ದರೂ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಪ್ಲಾಸ್ಟಿಕ್ ಕವರ್‌ನಲ್ಲಿ ಚಪ್ಪಟೆಯಾಗಿ ಮಡಚಿ ಕಳಿಸಿದರೆ ಸಾಕು.

ಪ್ರಶ್ನೆ: ಬಳ್ಳಾರಿ ಜೀನ್ಸ್ ತಂದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ವರ್ಷಕ್ಕೆ ಒಂಬತ್ತು ಲಕ್ಷದ ವ್ಯಾಪಾರ. ಯುಪಿಐ ನೋಡಿ ಜಿಎಸ್‌ಟಿ ನೋಟಿಸ್ ಬಂತು ಎಂದು ಕೇಳಿದಾಗಿನಿಂದ ಭಯ. ನಗದು ಮಾತ್ರ ತೆಗೆದುಕೊಳ್ಳಲೇ?
— ಯುವಕ, ದಾವಣಗೆರೆ

ಉತ್ತರ: ಅನಂತಪುರದ ಗಿರಾಕಿ ಕೊರಿಯರ್‌ನಲ್ಲಿ ನಗದು ಕಳಿಸುತ್ತಾನೆಯೇ? ಯುಪಿಐ ಬಿಡಬೇಡಿ. 2025ರ ಜುಲೈನಲ್ಲಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಕ್ಯುಆರ್ ಕೋಡ್ ಕಿತ್ತು ‘ಓನ್ಲಿ ಕ್ಯಾಶ್’ ಎಂದು ಬರೆದು ಅಂಟಿಸಿದ್ದವು. ತೆರಿಗೆ ಬೀಳುವುದು ವ್ಯಾಪಾರಕ್ಕೆ, ಕ್ಯುಆರ್ ಕೋಡ್‌ಗಲ್ಲ. ಆಗ ಅಂಗಡಿಯವರ ದೊಡ್ಡ ಗೋಳು ಏನಿತ್ತು ಗೊತ್ತೇ? ಅದೇ ಖಾತೆಗೆ ಸಾಲದ ದುಡ್ಡು, ನೆಂಟರ ದುಡ್ಡು ಎಲ್ಲ ಬಂದಿತ್ತು. ವ್ಯಾಪಾರದ್ದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಯಿತು. ನೀವು ಇವತ್ತೇ ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ. ಚೀಟಿ ದುಡ್ಡು ಅದಕ್ಕೆ ಬರಬಾರದು.

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಗೆರೆ ವರ್ಷಕ್ಕೆ 40 ಲಕ್ಷ. ಅದು ಲಾಭವಲ್ಲ, ಒಟ್ಟು ವಹಿವಾಟು. ನಿಮ್ಮ ಒಂಬತ್ತು ಲಕ್ಷ ಆ ಗೆರೆಯ ಒಳಗೇ ಇದೆ. ಆದರೆ ಗೆರೆ ಲೆಕ್ಕಕ್ಕೆ ಬರುವುದು ಮಾಲು ರಾಜ್ಯದೊಳಗೇ ಇದ್ದಾಗ. ಅನಂತಪುರಕ್ಕೋ ಸೊಲ್ಲಾಪುರಕ್ಕೋ ಪ್ಯಾಂಟ್ ಕಳಿಸಿದಿರಾ, ಮೊತ್ತ ಎಷ್ಟೇ ಇರಲಿ, ನೋಂದಣಿ ಬೇಕು. ನೋಟಿಸ್‌ಗೆ ಹೆದರುವವರು ಇದನ್ನು ಮರೆತಿರುತ್ತಾರೆ. ಮೀಶೋ, ಅಮೆಜಾನ್‌ನಂಥ ತಾಣಗಳ ಮೂಲಕ ಮಾರುವವರಿಗೆ 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಇದೆ. ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಮಾರಿದರೆ ಪೂರ್ತಿ ನೋಂದಣಿ ಬೇಡ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಎನ್‌ರೋಲ್‌ಮೆಂಟ್ ನಂಬರ್ ಸಾಕು.

ಇನ್‌ಕಮ್ ಟ್ಯಾಕ್ಸ್ ಬೇರೆ ಕಥೆ. ಅಲ್ಲಿ ಯುಪಿಐ ನಿಮಗೇ ಅನುಕೂಲ. ಸಣ್ಣ ವ್ಯಾಪಾರಿಗಳು ಅಂದಾಜು ಲಾಭ ತೋರಿಸುವ ದಾರಿಯಲ್ಲಿ ನಗದು ವಹಿವಾಟಿಗೆ ಕನಿಷ್ಠ 8% ಲಾಭ ತೋರಿಸಬೇಕು, ಬ್ಯಾಂಕು ಅಥವಾ ಯುಪಿಐನಲ್ಲಿ ಬಂದದ್ದಕ್ಕೆ 6%. ಆಡಿಟರ್ ಹತ್ತಿರ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ‘ಕೈಮಗ್ಗದ ಇಳಕಲ್’ ಎಂದು ಮಾರಿದೆ. ಗಿರಾಕಿ ಪವರ್‌ಲೂಮ್ ಎಂದು ಜಗಳಕ್ಕೆ ಬಂದಿದ್ದಾರೆ. ನನಗೆ ಕೊಟ್ಟವರು ಕೈಮಗ್ಗ ಎಂದೇ ಹೇಳಿದ್ದರು.
— ಓದುಗಿ, ಮೈಸೂರು

ಉತ್ತರ: ಕೊಟ್ಟವರು ಹೇಳಿದ್ದು ನಿಮಗೆ. ಗಿರಾಕಿಗೆ ಹೇಳಿದ್ದು ನೀವು. ಸೀರೆ ವಾಪಸ್ ತರಿಸಿಕೊಳ್ಳಿ, ಕೊರಿಯರ್ ಖರ್ಚು ನೀವೇ ಹಾಕಿ.

ಬಂದ ಮೇಲೆ ಸೆರಗು ಮತ್ತು ಒಡಲು ಕೂಡುವ ಜಾಗ ನೋಡಿ. ಹಳೆಯ ಪದ್ಧತಿಯ ಇಳಕಲ್‌ನಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ಕಾಣದಿದ್ದರೆ ಅನುಮಾನ ಪಡಿ. ಕೈಮಗ್ಗದ್ದೇ ಎಂದು ಹೇಳುವ ಸರ್ಕಾರಿ ಗುರುತು, ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದೂ ನೋಡಿ. ಎರಡೂ ಇಲ್ಲದ ಸೀರೆಯನ್ನು ‘ಇಳಕಲ್ ಮಾದರಿ, ಪವರ್‌ಲೂಮ್’ ಎಂದು ಬರೆದು, ಬೆಲೆ ಇಳಿಸಿ ಹಾಕಿ. ದಿನಾ ಉಡಲು ಅದೇ ಬೇಕು ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ.