ಹಗುರ ಹೊರೆಯ ಪಿಕಪ್‌ಗೆ ಎಂಥ ಸ್ಪ್ರಿಂಗ್?

ಪ್ರಶ್ನೆ: ನನ್ನ ಡಬಲ್ ಕ್ಯಾಬ್ ಪಿಕಪ್‌ಗೆ ಮುಂದೆ ಕಾಯಿಲ್ ಸ್ಪ್ರಿಂಗಿನ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇದೆ. ದಿನನಿತ್ಯ ನಾನೊಬ್ಬನೇ ಓಡಿಸುತ್ತೇನೆ. ಹಿಂದೆ ಒಂದು ಉಪಕರಣದ ಪೆಟ್ಟಿಗೆ ಬಿಟ್ಟರೆ ಹೊರೆ ಇರುವುದಿಲ್ಲ. ವರ್ಷದಲ್ಲಿ ಕೆಲವು ಸಲ ಮಾತ್ರ ಸುಮಾರು 300 ಕಿಲೋ ಸಾಮಾನು ಹೇರುತ್ತೇನೆ. ಕಚ್ಚಾ ರಸ್ತೆಗಳಿಗಾಗಿ ವಾಹನವನ್ನು 50 ಮಿಲಿಮೀಟರ್ ಎತ್ತರಿಸಬೇಕೆಂದಿದ್ದೇನೆ. ಭಾರಿ ಹೊರೆಯ ಸ್ಪ್ರಿಂಗ್ ಹಾಕಿಸಿದರೆ ಎಲ್ಲ ಕಾಲಕ್ಕೂ ಆಗುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಮುಂದೆ ಸ್ಪೇಸರ್ (ಎತ್ತರಕ್ಕಾಗಿ ಇಡುವ ದಪ್ಪ ಬಿಲ್ಲೆ) ಮತ್ತು ಹಿಂದೆ ಬ್ಲಾಕ್ (ಆ್ಯಕ್ಸಲ್ ಮತ್ತು ಲೀಫ್ ನಡುವೆ ಇಡುವ ಗಟ್ಟಿ ತುಂಡು) ಸಾಕು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಎಷ್ಟು ಎತ್ತರ ಬೇಕೆಂದು ಮೊದಲು ತೀರ್ಮಾನಿಸಿ ಆಮೇಲೆ ಸ್ಪ್ರಿಂಗ್ ಹುಡುಕುವುದು ರೂಢಿ. ಖಾಲಿಯಾಗಿ ಓಡುವ ಪಿಕಪ್‌ನ ಮಟ್ಟಿಗೆ ಈ ಕ್ರಮ ತಲೆಕೆಳಗಾಗಬೇಕು: ವರ್ಷದ ಬಹುಪಾಲು ದಿನ ವಾಹನ ಹೊರುವ ತೂಕ ಎಷ್ಟೆಂದು ತಿಳಿದು, ಆ ತೂಕಕ್ಕೆ ಒಪ್ಪುವ ಸ್ಪ್ರಿಂಗನ್ನು ಆರಿಸಿ, ಅದು ಕೊಡುವ ಎತ್ತರಕ್ಕೆ ತೃಪ್ತರಾಗಬೇಕು. ಆದ್ದರಿಂದ ಬಿಡಿಭಾಗ ಕೊಳ್ಳುವ ಮುನ್ನ ಟ್ಯಾಂಕ್ ತುಂಬಿಸಿ, ಎಂದಿನ ಸಾಮಾನಿನೊಂದಿಗೆ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ. ತಯಾರಕರು ಸ್ಪ್ರಿಂಗ್‌ಗಳನ್ನು ವರ್ಗೀಕರಿಸುವುದು ವಾಹನದ ಮೇಲೆ ಸದಾ ಇರುವ ಹೆಚ್ಚುವರಿ ತೂಕದ ಆಧಾರದ ಮೇಲೆ. ಅಪರೂಪಕ್ಕೆ ಹೇರುವ ಹೊರೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಭಾರಿ ಸ್ಪ್ರಿಂಗ್ ಏಕೆ ಬೇಡವೆಂಬುದನ್ನು ಒಂದು ಉದಾಹರಣೆಯ ಲೆಕ್ಕದಿಂದ ನೋಡೋಣ. ಹಿಂದಿನ ಎರಡು ಸ್ಪ್ರಿಂಗ್‌ಗಳ ಮೇಲೆ, ಚಕ್ರ ಮತ್ತು ಆ್ಯಕ್ಸಲ್‌ಗಳ ತೂಕ ಬಿಟ್ಟು, ಖಾಲಿ ವಾಹನದ 500 ಕಿಲೋ ಕೂರುತ್ತದೆ, ಅಂದರೆ ಒಂದೊಂದಕ್ಕೆ 250 ಕಿಲೋ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಕುಗ್ಗಲು 40 ನ್ಯೂಟನ್ ಬಲ ಬೇಡುವ ಸ್ಪ್ರಿಂಗ್ ಆ ತೂಕಕ್ಕೆ ಸುಮಾರು 61 ಮಿಲಿಮೀಟರ್ ಕುಗ್ಗುತ್ತದೆ. 60 ನ್ಯೂಟನ್ ಬೇಡುವ ಗಡಸು ಸ್ಪ್ರಿಂಗ್ 41 ಮಿಲಿಮೀಟರ್ ಮಾತ್ರ ಕುಗ್ಗುತ್ತದೆ. ಚಕ್ರ ಗುಂಡಿಗೆ ಇಳಿಯುವಾಗ ಅದನ್ನು ನೆಲಕ್ಕೆ ಒತ್ತಿಹಿಡಿಯುವುದು ಈ ಕುಗ್ಗಿದ ಭಾಗವೇ ಆದ್ದರಿಂದ, ಗಡಸು ಸ್ಪ್ರಿಂಗ್ ಹಾಕಿದ ವಾಹನದಲ್ಲಿ ಚಕ್ರದ ಹಿಡಿತ ಬೇಗನೆ ತಪ್ಪುತ್ತದೆ. ಹಿಂಭಾಗದ ಸಹಜ ಕುಣಿತವೂ ಸೆಕೆಂಡಿಗೆ ಸುಮಾರು 2 ಸಲದಿಂದ 2.5 ಸಲಕ್ಕೆ ಏರುತ್ತದೆ. ಅಲೆಯಲೆಯಾಗಿ ಸವೆದ ಕಚ್ಚಾ ರಸ್ತೆಯಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಅಡ್ಡಕ್ಕೆ ಜಾರುವುದೂ ಬ್ರೇಕ್ ಹಾಕಿದಾಗ ಚಕ್ರ ನೆಲ ಕಚ್ಚದಿರುವುದೂ ಇದೇ ಕಾರಣಕ್ಕೆ.

ಈಗ ನಿಮ್ಮ 300 ಕಿಲೋ ಸಾಮಾನನ್ನು ಪೂರ್ತಿಯಾಗಿ ಹಿಂದಿನ ಆ್ಯಕ್ಸಲ್ ಮೇಲೆಯೇ ಇಡಿ. ಮೃದು ಸ್ಪ್ರಿಂಗ್ ಇನ್ನೂ 37 ಮಿಲಿಮೀಟರ್ ತಗ್ಗುತ್ತದೆ, ಗಡಸು ಸ್ಪ್ರಿಂಗ್ 25 ಮಿಲಿಮೀಟರ್ ತಗ್ಗುತ್ತದೆ. ವ್ಯತ್ಯಾಸ ಕೇವಲ 12 ಮಿಲಿಮೀಟರ್! 50 ಮಿಲಿಮೀಟರ್ ಎತ್ತರಿಸಿದ ವಾಹನ 37 ತಗ್ಗಿದರೂ ಈಗಿನ ಖಾಲಿ ಎತ್ತರಕ್ಕಿಂತ ಮೇಲೆಯೇ ನಿಲ್ಲುತ್ತದೆ. ವರ್ಷದ ಕೆಲವು ದಿನಗಳ ಆ 12 ಮಿಲಿಮೀಟರಿಗಾಗಿ ಉಳಿದೆಲ್ಲ ದಿನ ಬೆನ್ನು ನೋಯಿಸಿಕೊಳ್ಳಬೇಡಿ. ಸಾಮಾನು ಆ್ಯಕ್ಸಲ್‌ಗಿಂತ ಹಿಂದಕ್ಕೆ ಕೂತು ಬಾಲ ಇಳಿಬೀಳುವಂತಿದ್ದರೆ ಗಾಳಿ ತುಂಬುವ ಸಹಾಯಕ ಸ್ಪ್ರಿಂಗ್ ಅಳವಡಿಸಿ, ಹೇರಿದ ದಿನ ಒತ್ತಡ ಏರಿಸಿ, ಇಳಿಸಿದ ದಿನ ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕೆ ತನ್ನಿ. ಅದರಿಂದ ವಾಹನದ ಅನುಮತಿತ ಒಟ್ಟು ತೂಕವೇನೂ ಹೆಚ್ಚುವುದಿಲ್ಲ. ಜೊತೆಗೆ ಅದು ಚಾಸಿಯ ಒಂದೇ ಜಾಗದ ಮೇಲೆ ಭಾರ ಹಾಕುತ್ತದೆ ಎಂಬುದು ನೆನಪಿರಲಿ.

ಹಿಂಭಾಗಕ್ಕೆ ನನ್ನ ಸಲಹೆ, ಹಗುರ ಹೊರೆಗೆಂದೇ ರೂಪಿಸಿದ ಪೂರ್ಣ ಲೀಫ್ ಸೆಟ್: ಉದ್ದವಾದ ಪಟ್ಟಿಗಳು, ಅವುಗಳ ತುದಿಯಲ್ಲಿ ಉಜ್ಜಾಟ ತಗ್ಗಿಸುವ ಪ್ಯಾಡ್‌ಗಳು. ಹಳೆಯ ಸೆಟ್ಟಿಗೆ ಒಂದು ಪಟ್ಟಿ ಸೇರಿಸಿದರೆ ಖರ್ಚು ಕಡಿಮೆಯೇನೋ ಹೌದು, ಆದರೆ ಎತ್ತರದ ಜೊತೆ ಗಡಸುತನವೂ ಬರುತ್ತದೆ. ಅದರಲ್ಲೂ ಗಿಡ್ಡ ಪಟ್ಟಿಯನ್ನು ನಾನು ಖಾಲಿ ವಾಹನಕ್ಕೆ ಎಂದೂ ಸೂಚಿಸಲಾರೆ. ಉದ್ದನೆಯ ಶ್ಯಾಕಲ್‌ನಿಂದ (ಲೀಫಿನ ಹಿಂತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ) ಸಿಗುವ ಎತ್ತರ ಹೆಚ್ಚಿಸಿದ ಉದ್ದದ ಅರ್ಧದಷ್ಟು ಮಾತ್ರ, ಮೇಲಾಗಿ ಆ್ಯಕ್ಸಲ್‌ನ ಓರೆಯೂ ಬದಲಾಗುತ್ತದೆ. ಬ್ಲಾಕ್, ಸ್ಪ್ರಿಂಗಿನ ಗುಣವನ್ನು ಕೆಡಿಸುವುದಿಲ್ಲ ಎಂಬುದು ನಿಜ, ಹಾಗಾಗಿ ಎರಡನೆಯ ಮೆಕ್ಯಾನಿಕ್‌ನ ಸಲಹೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಬ್ಲಾಕ್ ಎತ್ತರವಾದಷ್ಟೂ ಎಳೆತ ಮತ್ತು ಬ್ರೇಕಿನ ಬಲಕ್ಕೆ ಆ್ಯಕ್ಸಲ್ ಲೀಫ್‌ಗಳನ್ನು ಎಸ್ ಆಕಾರಕ್ಕೆ ತಿರುಚುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಅಪಾಯಕಾರಿ. ಯಾರು ಹೇಳಿದರೂ ಒಪ್ಪಬೇಡಿ.

ಹೊಸ ಸೆಟ್ ಕೂತ ಮೇಲೆ ಶ್ಯಾಕಲ್‌ನ ನಿಲುವನ್ನು ಗಮನಿಸಿ. ಲೀಫ್ ಚಪ್ಪಟೆಯಾದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲು ಶ್ಯಾಕಲ್‌ನ ಕೆಳತುದಿ ಹಿಂದಕ್ಕೆ ತೂಗಬೇಕು. ಹೊರೆಗೆ ಮೀರಿದ ಕಮಾನಿನ ಸ್ಪ್ರಿಂಗ್ ಹಾಕಿದರೆ ಕೆಳತುದಿ ಮುಂದಕ್ಕೆ ಎಳೆದುಕೊಂಡು ನಿಲ್ಲುತ್ತದೆ, ಪ್ರತಿ ಉಬ್ಬಿನ ಹೊಡೆತವೂ ನೇರವಾಗಿ ಚಾಸಿಗೆ ಬೀಳುತ್ತದೆ. ಸ್ಪ್ರಿಂಗ್ ತಪ್ಪು ವರ್ಗದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಮುಂಭಾಗದಲ್ಲಿ ಉಕ್ಕಿನ ಬಂಪರ್, ವಿಂಚ್ ಇಲ್ಲದಿದ್ದರೆ ಅವುಗಳಿಗಾಗಿ ಮಾಡಿದ ಸ್ಪ್ರಿಂಗ್ ಬೇಡ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಜೋಡಣೆ) ಮೇಲೆ ಕೂರಿಸುವ ಸ್ಪೇಸರಿನ ದಪ್ಪ ಚಕ್ರದ ಬಳಿ ಸುಮಾರು ಎರಡು ಪಟ್ಟಾಗುತ್ತದೆ: 25 ಮಿಲಿಮೀಟರ್ ಹಾಕಿದರೆ 50ರ ಆಸುಪಾಸು ಎತ್ತರ ಬರುತ್ತದೆ. ಆದರೆ ಅದು ಚಕ್ರವನ್ನು ಮೊದಲಿಗಿಂತ ಕೆಳಗೆ ಇಳಿಯಬಿಡುವುದರಿಂದ ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟ್‌ನ ಜಾಯಿಂಟ್‌ಗಳು ಓರೆಯಾಗಿ ದುಡಿಯುತ್ತವೆ. ಸರಿಯಾದ ಉದ್ದದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಒಟ್ಟಿಗೆ ಬರುವ ಸೆಟ್ ಉತ್ತಮ. ಎತ್ತರಿಸಿದಾಗ ಸ್ಟೀರಿಂಗನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಅಲೈನ್‌ಮೆಂಟಿನಲ್ಲಿ ಅದು ಸರಿಹೋಗದಿದ್ದರೆ ಮಾತ್ರ ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್ ಬದಲಿಸಿ.

ಶಾಕ್ ಅಬ್ಸಾರ್ಬರನ್ನು ಉಳಿತಾಯದ ಜಾಗವೆಂದು ಭಾವಿಸಬೇಡಿ. ಭಾರಿ ಸ್ಪ್ರಿಂಗಿಗೆ ಹೊಂದಿಸಿದ್ದನ್ನು ಮೃದು ಸ್ಪ್ರಿಂಗಿಗೆ ಹಾಕಿದರೆ, ಒಂದು ಉಬ್ಬು ದಾಟಿ ಕುಗ್ಗಿದ ಸ್ಪ್ರಿಂಗ್ ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಿನ ಉಬ್ಬು ಎದುರಾಗಿ, ವಾಹನ ಕ್ರಮೇಣ ತಗ್ಗುತ್ತಾ ಬಂಪ್ ಸ್ಟಾಪ್ (ಸಸ್ಪೆನ್ಷನ್ ಮಿತಿಮೀರಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡು) ಮೇಲೆ ಬಡಿಯುತ್ತದೆ.

ಅಳವಡಿಸುವಾಗ ಲೀಫನ್ನು ಆ್ಯಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳು ಹೊಸವೇ ಆಗಿರಲಿ, ರಬ್ಬರ್ ಬುಷ್‌ಗಳ ಬೋಲ್ಟನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಬಿಗಿಯಲಿ, ಬ್ರೇಕ್ ಹೋಸ್‌ಗಳು ಪೂರ್ಣ ಇಳಿತದಲ್ಲೂ ಸಡಿಲವಾಗಿರಲಿ. ಹಿಂದಿನ ಆ್ಯಕ್ಸಲ್‌ಗೆ ಜೋಡಿಸಿದ, ಹೊರೆ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ನಿಮ್ಮ ಪಿಕಪ್‌ನಲ್ಲಿದ್ದರೆ ಅದನ್ನು ಹೊಸ ಎತ್ತರಕ್ಕೆ ಸರಿಹೊಂದಿಸಲೇಬೇಕು. ಇಲ್ಲವಾದರೆ ಹೊರೆ ಇದ್ದಾಗಲೂ ವಾಹನ ಖಾಲಿಯೆಂದೇ ಅದು ಗ್ರಹಿಸಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಇಂಥ ಬದಲಾವಣೆಗೆ ನೋಂದಣಿ ಮತ್ತು ವಿಮೆಯ ನಿಯಮಗಳು ಅವಕಾಶ ಕೊಡುತ್ತವೆಯೇ ಎಂಬುದನ್ನು ಮೊದಲೇ ವಿಚಾರಿಸಿ.

ಪ್ರಶ್ನೆ: ಸ್ಪ್ರಿಂಗ್ ಬದಲಿಸಿ ಪಿಕಪ್ ಎತ್ತರಿಸಿದೆ. ಆದರೂ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರ್‌ಗಳ ಪೆಟ್ಟಿಗೆ) ಕಲ್ಲಿಗೆ ತಾಗುವುದು ತಪ್ಪಲಿಲ್ಲ. ಏಕೆ?

ಉತ್ತರ: ಡಿಫರೆನ್ಷಿಯಲ್ ಇರುವುದು ಆ್ಯಕ್ಸಲ್ ಮೇಲೆ, ಆ್ಯಕ್ಸಲ್ ಇರುವುದು ಚಕ್ರಗಳ ನಡುವೆ. ಸ್ಪ್ರಿಂಗ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು ಮಾತ್ರ. ಆ್ಯಕ್ಸಲ್ ಮೇಲೇರಬೇಕಾದರೆ ದೊಡ್ಡ ಟೈರ್ ಬೇಕು. ಅಲ್ಲೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟೇ ಲಾಭ. ವ್ಯಾಸ 30 ಮಿಲಿಮೀಟರ್ ಹೆಚ್ಚಿದರೆ ಡಿಫರೆನ್ಷಿಯಲ್ 15 ಮಿಲಿಮೀಟರ್ ಏರುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ.

ಪ್ರಶ್ನೆ: ಎತ್ತರಿಸಿದ ನಂತರ ನಿಂತಲ್ಲಿಂದ ಹೊರಡುವಾಗ ವಾಹನದ ತಳದಲ್ಲಿ ನಡುಕ ಬರುತ್ತದೆ. ವೀಲ್ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ.

ಉತ್ತರ: ಬ್ಯಾಲೆನ್ಸ್ ದೋಷದ ನಡುಕ ವೇಗ ಏರಿದ ಮೇಲೆ ಕಾಣಿಸುತ್ತದೆ, ಹೊರಡುವಾಗಲೇ ಬರುವುದು ಹೆಚ್ಚಾಗಿ ಹಿಂದಿನ ಆ್ಯಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನಗಳಿಂದ. ಎರಡು ತುಂಡಿನ ಶಾಫ್ಟ್ ಆಗಿದ್ದರೆ ನಡುವಿನ ಬೇರಿಂಗನ್ನು ಸಣ್ಣ ಸ್ಪೇಸರ್‌ಗಳಿಂದ ತುಸು ಕೆಳಗಿಳಿಸಿ ನೋಡಲು ಹೇಳಿ. ಅದರಿಂದಲೂ ನಡುಕ ನಿಲ್ಲದಿದ್ದರೆ ಯೂನಿವರ್ಸಲ್ ಜಾಯಿಂಟ್‌ಗಳ ಕೋನ ಅಳೆಸಿ, ಲೀಫ್ ಮತ್ತು ಆ್ಯಕ್ಸಲ್ ನಡುವೆ ಓರೆ ಶಿಮ್ (ತೆಳು ಬೆಣೆ) ಹಾಕಿಸಿ ಹೊಂದಿಸಬೇಕಾಗುತ್ತದೆ. ಸರಿಪಡಿಸುವವರೆಗೆ ಭಾರ ಹೇರಬೇಡಿ.