ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

‘ಧ್ಯಾನ: ವಿಜ್ಞಾನ ಒಪ್ಪಿದ ಸತ್ಯ’ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿಬಳಸಿ ಹೇಳಿ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ‘ವಿಷಾದವಿದೆ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟದಲ್ಲಿರುವ ಒಂದು ಸಣ್ಣ ಪ್ಯಾರಾ.

ಅಲ್ಲಿ ನಿಮ್ಮ ಅಪ್ಪ ಬರುತ್ತಾರೆ. ಸಂಜೆ ಜಗಲಿಯ ಮೇಲೆ ರುದ್ರಾಕ್ಷಿ ಸರ ಹಿಡಿದು ಜಪಕ್ಕೆ ಕೂತಿದ್ದಾರೆ. ನೀವು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, ಹನ್ನೆರಡು ವರ್ಷ ನರ್ಸ್ ಆಗಿ ದುಡಿದ ಅಭ್ಯಾಸಕ್ಕೆ, ಗಡಿಯಾರ ನೋಡಿಕೊಂಡು ಅವರ ಉಸಿರು ಎಣಿಸುತ್ತೀರಿ. ನಿಮಿಷಕ್ಕೆ ಆರು. ಮತ್ತೆ ಎಣಿಸುತ್ತೀರಿ, ಮತ್ತೆ ಆರೇ. ‘ಆಶ್ಚರ್ಯವಾಯಿತು’ ಅಂತ ಬರೆದು ಮುಂದಿನ ಸಾಲಿನಲ್ಲೇ ಅಮೆರಿಕದ ಸಂಶೋಧನೆಗಳ ಕಡೆಗೆ ಹೊರಟುಬಿಡುತ್ತೀರಿ.

ಯಾಕೆ ಬಿಟ್ಟು ಹೋದಿರಿ? ಇಡೀ ಲೇಖನ ಅಲ್ಲೇ ಇತ್ತಲ್ವಾ.

ಒಂದು ನಿಮಿಷ ಯೋಚನೆ ಮಾಡಿ. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರುತ್ತದೆ ಅಂತ ದಿನವೂ ಕೇಸ್ ಶೀಟ್ ತುಂಬುವವರು ನೀವು. ವಾರ್ಡಿನಲ್ಲಿ ಮಲಗಿರುವ ಯಾರಿಗಾದರೂ 6 ಬಂದಿದ್ದರೆ ಡಾಕ್ಟರನ್ನು ಕರೆಯಲು ಓಡುತ್ತಿದ್ದಿರಿ. ಇಲ್ಲಿ ಅದೇ 6, ಮನುಷ್ಯ ಮಾತ್ರ ಆರಾಮಾಗಿ ಗೋಡೆಗೆ ಒರಗಿ ಕೂತಿದ್ದಾರೆ. ಅಲ್ಲಿ ಗಾಬರಿ ಹುಟ್ಟಿಸುವ ಸಂಖ್ಯೆ ಇಲ್ಲಿ ನೆಮ್ಮದಿಯ ಗುರುತಾಗಿದ್ದು ಹೇಗೆ? ಇದು ನರ್ಸ್ ಆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ನನಗೆ ಹೊಳೆಯುತ್ತಿರಲಿಲ್ಲ.

ಈ ಪ್ರಶ್ನೆಗೆ ವಿಜ್ಞಾನದ ಕಡೆಯಿಂದ ಒಂದು ಚೆಂದದ ಉತ್ತರ ಇದೆ. 2001ರಲ್ಲಿ ಇಟಲಿಯ ಲೂಸಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 23 ಜನ ಆರೋಗ್ಯವಂತರ ಹತ್ತಿರ ಎರಡು ಬಗೆಯ ಜಪ ಮಾಡಿಸಿದರು. ಒಂದು, ಕ್ರೈಸ್ತರು ಜಪಸರ ಹಿಡಿದು ಲ್ಯಾಟಿನ್‌ನಲ್ಲಿ ಹೇಳುವ ಮರಿಯಮ್ಮನ ಪ್ರಾರ್ಥನೆ. ಇನ್ನೊಂದು, ‘ಓಂ ಮಣಿ ಪದ್ಮೇ ಹುಂ’. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆರು ಅಂದರೆ ಒಂದು ಉಸಿರಿಗೆ ಹತ್ತು ಸೆಕೆಂಡು. ನಮ್ಮ ಬಿಪಿ ಕೂಡ ಸುಮ್ನೆ ಕೂತಿದ್ದಾಗಲೂ ಹೆಚ್ಚುಕಡಿಮೆ ಹತ್ತು ಸೆಕೆಂಡಿಗೊಮ್ಮೆ ಸಣ್ಣಗೆ ಏರಿ ಇಳಿಯುತ್ತಿರುತ್ತದೆ. ಉಸಿರಿನ ಅಲೆ ಈ ಅಲೆಯ ಜೊತೆ ಕೂಡಿಕೊಂಡಾಗ, ಬಿಪಿ ಏರಿದರೆ ಇಳಿಸುವ, ಇಳಿದರೆ ಏರಿಸುವ ಮೈಯೊಳಗಿನ ಏರ್ಪಾಡು ಇನ್ನಷ್ಟು ಚುರುಕಾಗುತ್ತದೆ. ಅವರು ಅಳೆದು ತೋರಿಸಿದ್ದು ಇಷ್ಟೇ. ಆದರೆ ನಿಮ್ಮ ಅಪ್ಪನಿಗೆ ಬಿಪಿ ಇದೆ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ನಿಮಗೆ ಅನ್ನಿಸಲಿಲ್ವಾ?

ಓದುವವರಿಗೆ ಇದನ್ನು ಕೈಯಲ್ಲೇ ತೋರಿಸಬಹುದು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರು ಎಳೆದುಕೊಂಡರೆ ನಾಡಿ ಸ್ವಲ್ಪ ಬೇಗ ಬಡಿಯುತ್ತದೆ, ಉದ್ದಕ್ಕೆ ಬಿಟ್ಟರೆ ನಿಧಾನವಾಗುತ್ತದೆ. ಕೆಲವರಿಗೆ ಮೊದಲ ಸಲಕ್ಕೇ ಸಿಗುತ್ತದೆ. ಉಸಿರು ಹೊರಗೆ ಹೋಗುವಾಗ ಹೃದಯಕ್ಕೆ ಬ್ರೇಕ್ ಹಾಕುವುದು ವೇಗಸ್ ನರ. ನಿಮ್ಮ ಲೇಖನದಲ್ಲಿ ಈ ಹೆಸರು ಆರು ಸಲ ಬರುತ್ತದೆ, ಅದು ಏನು ಮಾಡುತ್ತದೆ ಅನ್ನುವುದು ಮಾತ್ರ ಒಂದು ಸಲವೂ ಇಲ್ಲ. ಐದು ಸಲ ತೆಗೆದುಹಾಕಿ, ಒಂದು ಸಲ ಬೆರಳಿಟ್ಟು ತೋರಿಸಿ.

ಈಗ ಕಷ್ಟದ ಮಾತು. ‘ಸಾಬೀತಾಗಿದೆ’ ಅನ್ನುವ ಪದ ನಿಮ್ಮಲ್ಲಿ ಹನ್ನೊಂದು ಕಡೆ ಇದೆ. ಬಹುತೇಕ ಕಡೆ ಅದು ನಿಲ್ಲುವುದಿಲ್ಲ.

‘ಎಂಟು ವಾರ ಧ್ಯಾನ ಮಾಡಿದರೆ ಮೆದುಳು ಬೆಳೆಯುತ್ತದೆ ಎಂದು ಸಾಬೀತಾಗಿದೆ’ ಅಂದಿದ್ದೀರಿ. ಇದರ ಮೂಲ ಬಾಸ್ಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅದರಲ್ಲಿ ಧ್ಯಾನ ಕಲಿತವರು ಬರೀ 16 ಜನ. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್ಸನ್ ಅವರ ತಂಡ 218 ಜನರ ಮೇಲೆ ಇದನ್ನೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿತು. ಮೆದುಳಿನ ಆಕಾರದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಡೇವಿಡ್ಸನ್ ಯಾರು ಗೊತ್ತಾ? ಸ್ವತಃ ಧ್ಯಾನ ಮಾಡುವವರು, ದಲೈ ಲಾಮಾ ಅವರ ಜೊತೆ ದಶಕಗಳ ಒಡನಾಟ ಇರುವವರು. ತಮಗೆ ಪ್ರಿಯವಾದ ವಿಷಯದಲ್ಲೇ ‘ಇಲ್ಲ, ಇದು ಸಿಗಲಿಲ್ಲ’ ಅಂತ ಪ್ರಕಟಿಸಿದರು. ನನಗೆ ಆ ಪ್ರಾಮಾಣಿಕತೆ ಮೆದುಳು ಬೆಳೆಯುವ ಸುದ್ದಿಗಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಬರೆಯಿರಿ, ಓದುಗರು ನಿಮ್ಮನ್ನು ಇನ್ನೂ ಜಾಸ್ತಿ ನಂಬುತ್ತಾರೆ.

ಇನ್ನೊಂದು ಸಾಲು ನನಗೆ ನಿಜವಾಗಿಯೂ ಭಯ ಹುಟ್ಟಿಸಿತು. ‘ಉಸಿರಾಟದಿಂದ ಖಿನ್ನತೆ ವಾಸಿಯಾಗುತ್ತದೆ ಎಂದು ನಿಮ್ಹಾನ್ಸ್ ಸಾಬೀತು ಮಾಡಿದೆ, ಮಾತ್ರೆಯ ಅಗತ್ಯವೇ ಇಲ್ಲ.’ ನಿಮ್ಹಾನ್ಸ್‌ನಲ್ಲಿ ನಿಜಕ್ಕೂ ಆಗಿದ್ದು ಏನು ಅಂದರೆ, 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಹದಿನೈದು ಹದಿನೈದರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಇಸಿಟಿ, ಜನ ಕರೆಂಟ್ ಕೊಡುವುದು ಅನ್ನುತ್ತಾರಲ್ಲ, ಅದು. ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ. ಮೂರನೆಯದಕ್ಕೆ ಸುದರ್ಶನ ಕ್ರಿಯೆ ಅನ್ನುವ ಉಸಿರಾಟದ ಅಭ್ಯಾಸ. ನಾಲ್ಕು ವಾರದ ಕೊನೆಗೆ ಚೇತರಿಸಿಕೊಂಡವರು ಕ್ರಮವಾಗಿ 93, 73, 67 ಶೇಕಡಾ. ಹದಿನೈದು ಜನರಲ್ಲಿ ಲೆಕ್ಕ ಹಾಕಿದರೆ 14, 11, 10. ಇದು ಸಣ್ಣ ವಿಷಯ ಏನಲ್ಲ. ಉಸಿರಾಟದ ಅಭ್ಯಾಸ ಮಾತ್ರೆಯ ಹತ್ತಿರ ಹತ್ತಿರ ಬಂದಿದೆ. ಆದರೆ ಗುಂಪುಗಳು ಸಣ್ಣವು, ಮೂವರಲ್ಲಿ ಒಬ್ಬರಿಗೆ ಅದು ಸಾಕಾಗಲಿಲ್ಲ, ಮತ್ತು ಎಲ್ಲರೂ ಆಸ್ಪತ್ರೆಯಲ್ಲಿದ್ದರು, ವೈದ್ಯರ ಕಣ್ಣಳತೆಯಲ್ಲಿ. ನಿಮ್ಮ ಸಾಲು ಓದಿ ಯಾವುದೋ ಊರಿನಲ್ಲಿ ಯಾರೋ ಒಬ್ಬರು ತಾವಾಗಿಯೇ ಮಾತ್ರೆ ನಿಲ್ಲಿಸಿಬಿಟ್ಟರೆ? ಅವರನ್ನು ಮತ್ತೆ ವಾರ್ಡಿಗೆ ಕರೆತಂದಾಗ ನೋಡಿಕೊಳ್ಳುವವರು ನಿಮ್ಮಂಥವರೇ. ದಯವಿಟ್ಟು ಆ ಸಾಲು ಇರುವುದು ಬೇಡ.

‘ನಮ್ಮ ಋಷಿಗಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು’ ಅನ್ನುವ ಭಾಗವನ್ನೂ ಬಿಡಿ. ಅವರು ಹುಡುಕುತ್ತಿದ್ದದ್ದು ಬಿಡುಗಡೆಯನ್ನು, ಬಿಪಿ ಇಳಿಸುವ ದಾರಿಯನ್ನಲ್ಲ. ಅವರಿಗೆ ನಮ್ಮ ಲ್ಯಾಬಿನ ಸರ್ಟಿಫಿಕೇಟ್ ಬೇಕಾಗಿಲ್ಲ.

ಹಾಗಾದರೆ ವಿಜ್ಞಾನ ಮತ್ತು ಧ್ಯಾನ ಎರಡನ್ನೂ ಜೊತೆಗೆ ಯಾಕೆ ಇಡಬೇಕು? ನನಗೆ ಅನ್ನಿಸುವುದು ಇಷ್ಟು. ನಿಮ್ಮ ಗಡಿಯಾರಕ್ಕೆ ಆರು ಕಂಡಿತು. ಅಪ್ಪನಿಗೆ ಒಳಗಡೆ ಏನು ಕಾಣುತ್ತಿತ್ತು ಅನ್ನುವುದು ಗಡಿಯಾರಕ್ಕೆ ಸಿಗುವುದಿಲ್ಲ. ಅಪ್ಪನಿಗೆ ಒಳಗಿನದು ಗೊತ್ತು, ತನ್ನ ಉಸಿರು ಆರಕ್ಕೆ ಇಳಿದಿದೆ ಅನ್ನುವುದು ಗೊತ್ತಿಲ್ಲ. ಚಿಲಿ ದೇಶದ ಜೀವವಿಜ್ಞಾನಿ ಫ್ರಾನ್ಸಿಸ್ಕೋ ವರೆಲಾ ಇದನ್ನೇ ಹಿಡಿದು ಹೊರಟವರು. ಪಳಗಿದ ಸಾಧಕ ತನ್ನ ಮನಸ್ಸಿನ ಬಗ್ಗೆ ಕೊಡುವ ವಿವರವನ್ನೂ ಯಂತ್ರದ ಅಳತೆಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು ಅಂತ ವಾದಿಸಿದರು. 1987ರಲ್ಲಿ ಧರ್ಮಶಾಲೆಯಲ್ಲಿ ದಲೈ ಲಾಮಾ ಅವರ ಜೊತೆ ವಿಜ್ಞಾನಿಗಳ ಮಾತುಕತೆ ಶುರುವಾದದ್ದರ ಹಿಂದೆ ಇದ್ದವರಲ್ಲಿ ಅವರೂ ಒಬ್ಬರು. ಆ ಮಾತುಕತೆ 2013ರ ಜನವರಿಯಲ್ಲಿ ನಮ್ಮ ಮುಂಡಗೋಡಿನಲ್ಲಿರುವ ಟಿಬೆಟನ್ ಬೌದ್ಧರ ಡ್ರೆಪುಂಗ್ ಮಠಕ್ಕೂ ಬಂತು.

ಬೈಲಕುಪ್ಪೆಯ ವಿಷಯವೂ ನಿಮ್ಮಲ್ಲಿ ಇಲ್ಲ. ಅಲ್ಲಿನ ಸೆರಾ ಜೇ ಮಠದಲ್ಲಿ ಭಿಕ್ಷುಗಳು ಅಂಗಳದಲ್ಲಿ ತರ್ಕ ಮಾಡುತ್ತಾರೆ. ಒಬ್ಬರು ನೆಲದ ಮೇಲೆ ಕೂತಿರುತ್ತಾರೆ, ಇನ್ನೊಬ್ಬರು ನಿಂತು ಪ್ರಶ್ನೆ ಎಸೆಯುತ್ತಾ, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾರೆ. ಹೀಗೆ ತರ್ಕ ಮಾಡುವ ಇಬ್ಬರ ತಲೆಗೂ ಇಇಜಿ ಟೋಪಿ ಹಾಕಿ ಮೆದುಳಿನ ಅಲೆಗಳನ್ನು ಒಟ್ಟಿಗೆ ಅಳೆದ ಅಧ್ಯಯನ 2020ರಲ್ಲಿ ಬಂದಿದೆ. ಮಾತು ಒಪ್ಪಿಗೆಯಾದ ಗಳಿಗೆಯಲ್ಲಿ ಇಬ್ಬರ ಅಲೆಗಳು, ಒಪ್ಪದ ಗಳಿಗೆಗಿಂತ ಜಾಸ್ತಿ ಹೊಂದಿಕೊಂಡಿದ್ದವು. ಬರೆದವರ ಪಟ್ಟಿಯಲ್ಲಿ ಭಿಕ್ಷುಗಳ ಹೆಸರೂ ಇದೆ. ಟೋಪಿ ಹಾಕಿಸಿಕೊಂಡು ಸುಮ್ನೆ ಕೂತವರಲ್ಲ ಅವರು, ಪ್ರಶ್ನೆ ಕೇಳುವ ಕಡೆಯೂ ಇದ್ದವರು. ಸಾಧನೆ, ವಿಜ್ಞಾನ ಜೊತೆಯಾಗುವುದು ಅಂದರೆ ನನ್ನ ಕಣ್ಣಿಗೆ ಇದು. ಬೇಕಾದರೆ ಒಂದು ಪ್ಯಾರಾ ಮಾಡಿ, ಅದಕ್ಕಿಂತ ಜಾಸ್ತಿ ಬೇಡ, ನಿಮ್ಮ ಅಪ್ಪನಿಂದ ದೂರ ಹೋಗಬೇಡಿ.

ಮತ್ತೆ ಅವರ ಹತ್ತಿರವೇ ಬರುತ್ತೇನೆ. ಜಪ ಶುರುವಾದದ್ದು ಅಮ್ಮ ತೀರಿಕೊಂಡ ಮೇಲೆ ಅಂತ ಅರ್ಧ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ. ಬರೆಯಲು ಕಷ್ಟವಾಗಿರಬಹುದು, ಗೊತ್ತಾಗುತ್ತದೆ. ಬಲವಂತ ಇಲ್ಲ. ಆದರೆ ಒಂದು ಸಂಜೆ, ಜಪ ಮುಗಿದ ಮೇಲೆ, ಕಾಫಿ ಕೊಟ್ಟು ಕೇಳಿ ನೋಡಿ: ‘ಅಪ್ಪಾ, ಕೂತಾಗ ಒಳಗೆ ಹೇಗಿರುತ್ತೆ?’ ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ‘ಏನೂ ಇಲ್ಲ ಮಗಾ, ಸುಮ್ನೆ ಕೂರ್ತೀನಿ’ ಅಂದರೂ ಸರಿ, ಅದನ್ನೇ ಬರೆಯಿರಿ.

ಒಂಬತ್ತು ಪುಟ ಬೇಡ, ನಾಲ್ಕು ಸಾಕು. ತಲೆಬರಹ ನಾನೇ ಯೋಚಿಸುತ್ತೇನೆ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ಮೊದಲು ನಿಮ್ಮದನ್ನೇ ಓದುತ್ತೇನೆ. ನೈಟ್ ಡ್ಯೂಟಿ ಜಾಸ್ತಿ ಇದ್ದರೆ ಇಪ್ಪತ್ತಾದರೂ ಪರವಾಗಿಲ್ಲ, ಒಂದು ಮಾತು ತಿಳಿಸಿ.